ಬಾಯಾರ ಬುಧವಾರಗಳು

ಬಾಯಾರನ್ನು ನಾನು ಮೊದಲ ಸಲ ಕಂಡದ್ದು ಆರೋಪಿಯಾಗಿ. ಆರೋಪ ನನ್ನ ಮೇಲಿತ್ತು, ವಿಚಾರಿಸಲು ಕುಳಿತವರು ಅವರು. ಹೋದ ತಿಂಗಳು ಅವರು ಹಲ್ಲಿನ ಡಾಕ್ಟರುಗಳ ಮೇಲಿನ ದೂರು ಕೇಳುವ ಸಮಿತಿಯ ಕೆಲಸದಿಂದ ಬಿಡುಗಡೆ ಪಡೆದರು. ಜಿಲ್ಲೆಯ ಹಲ್ಲಿನ ಡಾಕ್ಟರುಗಳೆಲ್ಲ ಸೇರಿ ಬಾಗಲಕೋಟೆಯಲ್ಲಿ ಒಂದು ಸಣ್ಣ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಯಾರೋ ನನ್ನ ಕೈಗೆ ಮೈಕು ಕೊಟ್ಟರು. ‘ಎಲ್ಲರಿಗೂ ನಮಸ್ಕಾರ’ ಎಂದು ಕೂತುಬಿಟ್ಟೆ. ಅಂದು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಅಚ್ಚಿನಲ್ಲಿ ತಮ್ಮ ಹೆಸರು ಕಂಡರೆ ಅವರಿಗೆ ಸಿಟ್ಟು ಬರುತ್ತದೆ, ಆ ಸಿಟ್ಟಿನ ಖಾರ ನನಗೆ ಗೊತ್ತು.

ನಮ್ಮ ಕಡೆ ಕಲಿತ ಹೆಣ್ಣುಮಕ್ಕಳನ್ನು, ಅದರಲ್ಲೂ ಡಾಕ್ಟರಿಕೆ ಮಾಡುವವರನ್ನು, ಬಾಯಾರು ಎಂದು ಕರೆಯುವ ವಾಡಿಕೆಯಿದೆ. ಇವರು ಹಲ್ಲಿನ ಡಾಕ್ಟರು. ‘ಬಾಯಿ ನೋಡೋ ಬಾಯಾರು’ ಎಂದು ಊರವರು ನಗುತ್ತಿದ್ದರು, ಅವರೂ ಜೊತೆಗೆ ನಗುತ್ತಿದ್ದರು. ಗಿಡ್ಡ ಆಳು. ಬೆಳ್ಳಗಾದ ಕೂದಲನ್ನು ಎಳೆದು ಕಟ್ಟಿದ ಗಂಟು. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಅದರ ಮೇಲಿಂದಲೇ ಎದುರಿನವರನ್ನು ನೋಡುವ ಅಭ್ಯಾಸ. ಹಾಗೆ ನೋಡುತ್ತ ಅವರು ಸುಮ್ಮನೆ ಕುಳಿತರೆ ಎದುರಿದ್ದವನಿಗೆ ತನ್ನ ಬಾಯಿ ತಾನೇ ತೆರೆಯಬೇಕು ಅನ್ನಿಸುತ್ತಿತ್ತು.

ನಾನಾಗ ಇಳಕಲ್ಲಿನಲ್ಲಿ ದವಾಖಾನೆ ತೆರೆದು ಎರಡನೆಯ ವರ್ಷ. ಕೈ ಚುರುಕಾಗಿತ್ತು, ಜನ ಬರುತ್ತಿದ್ದರು, ಸ್ವಲ್ಪ ತಲೆಯೂ ತಿರುಗಿತ್ತು. ಒಂದು ದಿನ ಹುನಗುಂದದ ಹತ್ತಿರದ ಹಳ್ಳಿಯಿಂದ ಕುರಿ ಸಾಕುವ ಹಿರಿಯರೊಬ್ಬರು ಬಂದರು. ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ಅರಿಶಿನದ ಭಂಡಾರ. ಬೀರಪ್ಪನ ಗುಡಿಯಲ್ಲಿ ಡೊಳ್ಳಿನ ಪದ ಹಾಡುವವರು. ಮೇಲಿನ ಬಲಗಡೆ ನೋವು. ಕೋರೆಹಲ್ಲಿನ ಹಿಂದೆ ಅಕ್ಕಪಕ್ಕ ಎರಡು ಹಲ್ಲು. ಮುಂದಿನದು ಕಪ್ಪಾಗಿತ್ತು, ಹಿಂದಿನದು ಮೇಲ್ನೋಟಕ್ಕೆ ಚೊಕ್ಕ. ಹೊರಗೆ ಹತ್ತು ಹನ್ನೆರಡು ಮಂದಿ ಕಾಯುತ್ತಿದ್ದರು. ಎಕ್ಸ್-ರೇ ತೆಗೆಯಲು ಐದು ನಿಮಿಷ ಬೇಕಿತ್ತು. ಆ ಐದು ನಿಮಿಷ ಉಳಿಸಲು ಹೋಗಿ ಕಪ್ಪಾದ ಹಲ್ಲನ್ನು ಕಿತ್ತುಬಿಟ್ಟೆ.

ಮರುದಿನ ಅವರು ಮತ್ತೆ ಬಂದರು. ನೋವು ಇದ್ದಲ್ಲೇ ಇತ್ತು. ಆಗ ಎಕ್ಸ್-ರೇ ತೆಗೆದೆ. ಕೆಟ್ಟದ್ದು ಹಿಂದಿನ ಹಲ್ಲು, ಒಳಗೊಳಗೇ ಬೇರಿನವರೆಗೆ ಕೊಳೆತಿತ್ತು. ನಾನು ಕಿತ್ತದ್ದು ಬರೀ ಮೇಲೆ ಕಪ್ಪಾಗಿದ್ದ, ತುಂಬಿದರೆ ಇನ್ನೂ ಇಪ್ಪತ್ತು ವರ್ಷ ರೊಟ್ಟಿ ಅಗಿಯಬಹುದಾಗಿದ್ದ ಹಲ್ಲು.

ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ತಪ್ಪು ಅನ್ನಿಸಿಕೊಳ್ಳುತ್ತಿತ್ತು. ನಾನು ‘ಎರಡೂ ಕೆಟ್ಟಾವ್ರಿ ಅಜ್ಜಾರ’ ಎಂದು ಹೇಳಿ ಎರಡನೆಯದನ್ನೂ ಕಿತ್ತೆ. ಅವರು ಹೋದ ಮೇಲೆ ಹಿಂದಿನ ದಿನದ ಕೇಸ್ ಪೇಪರ್ ತೆಗೆದು, ಖಾಲಿ ಉಳಿದಿದ್ದ ಜಾಗದಲ್ಲಿ ಒಂದು ಸಾಲು ಸೇರಿಸಿದೆ: ‘ಎರಡೂ ಹಲ್ಲು ಕೆಟ್ಟಿವೆ, ರೋಗಿಗೆ ತಿಳಿಸಲಾಗಿದೆ.’ ಯಾರೂ ನೋಡಲಿಲ್ಲ. ಕೈಯೂ ನಡುಗಲಿಲ್ಲ. ಇವತ್ತಿಗೂ ನನಗೆ ಹೆದರಿಕೆ ಹುಟ್ಟಿಸುವುದು ಆ ನಡುಗದ ಕೈ.

ಆದರೆ ಆ ಹಿರಿಯರು ಎರಡು ಸಲವೂ ಕಿತ್ತ ಹಲ್ಲನ್ನು ಬಟ್ಟೆಯ ತುಣುಕಿನಲ್ಲಿ ಕಟ್ಟಿಕೊಂಡು ಹೋಗಿದ್ದರು. ಕುರಿಯ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವ ಮನುಷ್ಯ. ಮನೆಗೆ ಹೋಗಿ ಎರಡನ್ನೂ ಅಂಗೈಯಲ್ಲಿಟ್ಟು ನೋಡಿದಾಗ ಅವರಿಗೆ ಗೊತ್ತಾಯಿತು. ಮೊಮ್ಮಗಳ ಕೈಯಲ್ಲಿ ಅರ್ಜಿ ಬರೆಸಿ ರಾಜ್ಯದ ದಂತವೈದ್ಯ ಪರಿಷತ್ತಿಗೆ ಕಳಿಸಿದರು.

ಒಂದು ದಿನ ರಿಜಿಸ್ಟರ್ ಅಂಚೆಯಲ್ಲಿ ನನಗೆ ನೋಟೀಸು ಬಂತು. ನಮ್ಮ ವೃತ್ತಿಯಲ್ಲಿರುವವರ ಹೆಸರೆಲ್ಲ ಪರಿಷತ್ತಿನ ನೋಂದಣಿಯಲ್ಲಿರುತ್ತದೆ. ಆ ಪಟ್ಟಿಯಲ್ಲಿ ಹೆಸರಿಲ್ಲದವನು ಒಂದು ಹಲ್ಲನ್ನೂ ಮುಟ್ಟುವಂತಿಲ್ಲ. ದೂರು ಬಂದರೆ ಪರಿಷತ್ತು ಒಂದು ವಿಚಾರಣಾ ಸಮಿತಿಗೆ ಒಪ್ಪಿಸುತ್ತದೆ. ಸಮಿತಿ ಎರಡೂ ಕಡೆಯವರನ್ನು ಕರೆದು ಕೇಳಿ ವರದಿ ಬರೆಯುತ್ತದೆ. ಆ ವರದಿಯ ಮೇಲೆ ಎಚ್ಚರಿಕೆಯೋ, ಕೆಲವು ತಿಂಗಳು ಹೆಸರು ತಡೆಹಿಡಿಯುವುದೋ, ಹೊಡೆದೇ ಹಾಕುವುದೋ ತೀರ್ಮಾನವಾಗುತ್ತದೆ. ಕಾಲೇಜಿನಲ್ಲಿ ಇದನ್ನೆಲ್ಲ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಲಕೋಟೆಯ ಮೇಲೆ ನನ್ನ ಹೆಸರು ನೋಡಿದ ಮೇಲೆ ಆ ಪಾಠದ ಪುಸ್ತಕ ಹುಡುಕಿ ತೆಗೆದೆ.

ಗೆಳೆಯನೊಬ್ಬ ಧೈರ್ಯ ಹೇಳಿದ. ‘ಏ, ಸಮಿತಿ ಅಂದ್ರ ಯಾರು? ನಮ್ಮವ್ರ ಇರ್ತಾರಲೇ. ಕಾಗದದಾಗ ಇದ್ದದ್ದನ್ನ ಹಿಡಕೊಂಡು ನಿಂತಬಿಡು. ಏನೂ ಆಗಂಗಿಲ್ಲ.’

ನಾನು ಕಾಗದ ಹಿಡಿದುಕೊಂಡೇ ಬಸ್ಸು ಹತ್ತಿದೆ.

ಅಂದು ಬುಧವಾರ. ಬಾಗಲಕೋಟೆಯ ನವನಗರದ ಒಂದು ಕಟ್ಟಡದ ಮಹಡಿ ಮೇಲಿನ ಕೋಣೆ. ಸಮಿತಿಯಲ್ಲಿ ಮೂವರು: ಬಾಯಾರು, ಬಾದಾಮಿಯ ಹಿರಿಯ ದಂತವೈದ್ಯರೊಬ್ಬರು, ಮತ್ತು ಹುನಗುಂದದ ಕೋರ್ಟಿನಲ್ಲಿ ಬಹುಕಾಲ ವಕೀಲಿ ಮಾಡಿ ನಿವೃತ್ತರಾದ ವಕೀಲರೊಬ್ಬರು. ಡಾಕ್ಟರಲ್ಲದವರು ಒಬ್ಬರು ಇರಲೇಬೇಕೆಂದು ಹಟ ಹಿಡಿದವರು ಬಾಯಾರೇ ಎಂದು ಆಮೇಲೆ ತಿಳಿಯಿತು. ‘ನಾವ ನಾವ ಕುಂತ್ರ ನಮ್ಮ ಹಲ್ಲು ನಮಗ ಕಾಣಂಗಿಲ್ರಿ’ ಎಂದು ಪರಿಷತ್ತಿನ ಸಭೆಯಲ್ಲಿ ಹೇಳಿದ್ದರಂತೆ.

ಕುರಿ ಸಾಕುವ ಹಿರಿಯರು ಗೋಡೆಗೆ ಒರಗಿ ನಿಂತಿದ್ದರು. ಬಾಯಾರು ‘ಯಾಕ್ರೀ ನಿಂತೀರಿ? ಕುಂದರ್ರಿ’ ಎಂದು ಅವರನ್ನು ಕೂರಿಸಿ, ಆಮೇಲೆ ನನಗೆ ಕೂರಲು ಹೇಳಿದರು. ಮೊದಲು ಅವರಿಂದಲೇ ಕೇಳಿದರು. ಅವರು ಹೇಳಿದ್ದು ಸ್ವಲ್ಪವೇ.

‘ಬಾಯಾರ, ನಾ ಏನೂ ಬೇಡಾಕ ಬಂದಿಲ್ರಿ. ದಿನಾ ಕುರಿ ಹಲ್ಲ ನೋಡಾಂವ ನಾ. ಒಂದ ಹಲ್ಲು ಚೊಲೋ ಇತ್ತು ಅಂತ ನನಗ ಕಾಣಸ್ತೈತಿ. ಈಗ ಪದಾ ಹಾಡಾಕ ಹೋದ್ರ ಬಲಗಡಿಂದ ಗಾಳಿ ಹೋಗ್ತೈತಿ. ಇರ್ಲಿ. ಖರೆ ಏನಾತು ಅನ್ನೋದು ಒಂದ ಗೊತ್ತಾದ್ರ ಸಾಕು.’

ನನ್ನ ಸರದಿ ಬಂತು. ಕೇಸ್ ಪೇಪರಿನಲ್ಲಿ ಇದ್ದದ್ದನ್ನೇ ಗಿಳಿಯಂತೆ ಒಪ್ಪಿಸಿದೆ. ಬಾಯಾರು ಆ ಕಾಗದ ಇಸಿದುಕೊಂಡು ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದು ನೋಡಿದರು. ಸಾಲುಗಳ ಶಾಯಿ ಒಂದೇ ನೀಲಿ ಅಂದುಕೊಂಡಿದ್ದೆ. ಬಿಸಿಲಿಗೆ ಹಿಡಿದಾಗ ದೂರದಿಂದ ನನಗೇ ಕಂಡಿತು, ಕೊನೆಯ ಸಾಲಿನ ನೀಲಿ ಬೇರೆ.

ಅವರು ಬಂದು ಕುಳಿತು ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

‘ಡಾಕ್ಟ್ರ, ಕೆಳಗ ಹೋಗಿ ಚಾ ಕುಡದು ಬರ್ರಿ. ಬಂದಮ್ಯಾಲ ಮತ್ತ ಮೊದಲಿಂದ ಹೇಳ್ರಿ. ಈಗ ಹೇಳಿದ್ದನ್ನ ನಾವಿನ್ನೂ ಬರಕೊಂಡಿಲ್ಲ.’

ಕೆಳಗೆ ಚಹದಂಗಡಿಯ ಮುಂದೆ ಬೆಂಚಿತ್ತು. ಅದರ ಮೇಲೆ ನನಗಿಂತ ಮೊದಲೇ ಇಳಿದು ಬಂದ ಆ ಹಿರಿಯರು ಕುಳಿತಿದ್ದರು. ಓಡಿಹೋಗಬೇಕು ಅನ್ನಿಸಿತು. ಅವರು ಸರಿದು ಜಾಗ ಮಾಡಿಕೊಟ್ಟರು.

‘ಮುಂಜಾನಿ ಊಟ ಮಾಡೀರಿಲ್ಲೋ ಡಾಕ್ಟ್ರ? ಮಾರಿ ಭಾಳ ಬಾಡೇತಿ ನಿಮ್ದು.’

ಚಹ ತುಂಬಿದ ಗ್ಲಾಸು ಅಲ್ಲೇ ಇಟ್ಟು ಮೇಲೆ ಹೋದೆ. ಮೊದಲಿನಿಂದ ಹೇಳಿದೆ. ಐದು ನಿಮಿಷದ ಅವಸರ, ತಪ್ಪು ಹಲ್ಲು, ಸುಳ್ಳು ಮಾತು, ಆಮೇಲೆ ಸೇರಿಸಿದ ಸಾಲು. ಹೇಳುತ್ತ ಹೇಳುತ್ತ ಅತ್ತೆನೋ ಏನೋ, ನೆನಪಿಲ್ಲ. ಹಿರಿಯರು ಬಾಗಿಲ ಹತ್ತಿರ ಬಂದು ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ‘ಇಷ್ಟ ನೋಡ್ರಿ ನನಗ ಬೇಕಾಗಿದ್ದು’ ಎಂದು ಕಂಬಳಿ ಹೆಗಲಿಗೇರಿಸಿದರು.

ನಾನು ಅಂದುಕೊಂಡೆ, ಇನ್ನು ಬಾಯಾರು ನನ್ನ ಬೆನ್ನು ತಟ್ಟುತ್ತಾರೆ ಎಂದು. ತಟ್ಟಲಿಲ್ಲ. ‘ಖರೆ ಹೇಳಿದ್ದನ್ನೂ ಬರೀತೀವಿ, ಕಾಗದ ತಿದ್ದಿದ್ದನ್ನೂ ಬರೀತೀವಿ. ಕೈ ತಪ್ತೈತ್ರಿ, ನನ್ದೂ ತಪ್ತೈತಿ. ಪೆನ್ನು ತಪ್ಪಬಾರದು’ ಎಂದರು. ವರದಿ ಹೋಯಿತು. ಪರಿಷತ್ತು ಮೂರು ತಿಂಗಳು ನನ್ನ ಹೆಸರನ್ನು ತಡೆಹಿಡಿಯಿತು. ಸಮಿತಿಯ ಶಿಫಾರಸು ಇಲ್ಲದಿದ್ದರೆ ಅದು ವರ್ಷವಾಗುತ್ತಿತ್ತು ಎಂದು ವಕೀಲರು ಆಮೇಲೆ ಒಮ್ಮೆ ಹೇಳಿದರು.

ದವಾಖಾನೆಯ ಬಾಗಿಲು ಹಾಕಿ ಮನೆಯಲ್ಲಿ ಮುಖ ಮುಚ್ಚಿಕೊಂಡು ಮಲಗಿದ್ದ ಮೂರನೆಯ ದಿನ ಬಾಯಾರ ಫೋನು ಬಂತು.

‘ಮೂರು ತಿಂಗಳ ಏನ ಮಾಡಾಂವ ಅದೀ ತಮ್ಮಾ?’

ಅಂದು ‘ಡಾಕ್ಟ್ರ’ ಎಂದಿದ್ದವರು ಇಂದು ‘ತಮ್ಮಾ’ ಎಂದಿದ್ದರು.

‘ನಮ್ಮ ದವಾಖಾನಿಗೆ ಬಾ. ಪೇಷೆಂಟನ್ನ ಮುಟ್ಟಂಗಿಲ್ಲ. ಬರೇ ಕುಂತು ಕೇಸ್ ಪೇಪರ್ ಬರಿ. ಪರಿಷತ್ತಿಗೆ ನಾ ತಿಳಿಸೇನಿ.’

ದಿನಾ ಮುಂಜಾನೆ ಇಳಕಲ್ಲಿನಿಂದ ಬಾಗಲಕೋಟೆಗೆ ಬಸ್ಸು, ಸಂಜೆ ಮತ್ತೆ ಬಸ್ಸು. ನಾನು ಬಾಯಾರ ಕುರ್ಚಿಯ ಪಕ್ಕದಲ್ಲಿ ಕುಳಿತು ಬರೆದೆ. ಐದು ವರ್ಷ ಕಾಲೇಜಿನಲ್ಲಿ ಕಲಿಯದ್ದನ್ನು ಆ ಮೂರು ತಿಂಗಳಲ್ಲಿ ಕಲಿತೆ ಅನ್ನುವುದು ಉತ್ಪ್ರೇಕ್ಷೆಯಲ್ಲ. ಅವರು ಹಲ್ಲು ಕೀಳುವ ಮೊದಲು ರೋಗಿಯ ಕೈಗೆ ಕನ್ನಡಿ ಕೊಡುತ್ತಿದ್ದರು. ‘ಯಾವುದು ನೋಯ್ತೈತಿ, ನಿಮ್ಮ ಬೆರಳಿನಿಂದ ಮುಟ್ಟಿ ತೋರಸ್ರಿ.’ ಅವರು ತೋರಿಸಿದ ಮೇಲೆ ಎಕ್ಸ್-ರೇ. ಅದನ್ನೂ ರೋಗಿಗೆ ತೋರಿಸಿ, ‘ಇದನ್ನ ತೆಗೀತೇನಿ, ಆತಿಲ್ಲೋ?’ ಎಂದು ಕೇಳಿ, ನನ್ನ ಕಡೆ ತಿರುಗಿ ‘ಬರಕೊಂಡಿ?’ ಎನ್ನುತ್ತಿದ್ದರು. ನಾನು ಬರೆದದ್ದನ್ನು ಗಟ್ಟಿಯಾಗಿ ಓದಬೇಕಿತ್ತು. ಓದಿ ಮುಗಿಯುವತನಕ ಅವರ ಕೈ ಇಕ್ಕಳದ ಕಡೆ ಹೋಗುತ್ತಿರಲಿಲ್ಲ. ಹೊರಗೆ ಎಷ್ಟೇ ಜನ ಇರಲಿ.

ಒಂದು ದಿನ ಆ ಕುರಿ ಸಾಕುವ ಹಿರಿಯರನ್ನೂ ಕರೆಸಿದರು. ಅಳತೆ ತೆಗೆದು, ಅಕ್ಕಪಕ್ಕದ ಹಲ್ಲುಗಳಿಗೆ ಜೋಡಿಸುವ ಎರಡು ಹಲ್ಲು ಮಾಡಿಸಿ ತಾವೇ ಕೂರಿಸಿದರು. ನಾನು ಮುಟ್ಟುವಂತಿರಲಿಲ್ಲ, ದೀಪ ಕೂಡ ಸರಿಸುವಂತಿರಲಿಲ್ಲ. ಬರೆಯುತ್ತ ಕುಳಿತೆ. ಎಲ್ಲ ಮುಗಿದ ಮೇಲೆ ಬಾಯಾರು ‘ಹಾಡ್ರಿ ನೋಡೂಣು’ ಎಂದರು. ಹಿರಿಯರು ಆ ಕುರ್ಚಿಯಲ್ಲೇ ನೆಟ್ಟಗೆ ಕುಳಿತು, ಕಿವಿಗೆ ಕೈಯಿಟ್ಟು, ಬೀರಪ್ಪನನ್ನು ನೆನೆಯುವ ಪದ ಎತ್ತಿಕೊಂಡರು. ಹೊರಗೆ ಕಾಯುತ್ತಿದ್ದವರೆಲ್ಲ ಬಾಗಿಲಿಗೆ ಬಂದು ನಿಂತರು. ಪದ ಮುಗಿಸಿ ನಾಲಿಗೆಯಿಂದ ಬಲಗಡೆ ತಡವಿ ನೋಡಿಕೊಂಡು, ‘ಗಾಳಿ ನಿಂತೈತ್ರಿ’ ಎಂದರು. ಆಮೇಲೆ ನನಗೆ, ‘ಡಾಕ್ಟ್ರ, ದವಾಖಾನಿ ಯಾವಾಗ ತಗೀತೀರಿ? ನಮ್ಮ ತಮ್ಮನ ಹಲ್ಲ ತೋರಸೋದೈತಿ’ ಎಂದರು. ನಾನು ದವಾಖಾನೆ ಮತ್ತೆ ತೆರೆದಾಗ ಮೊದಲ ರೋಗಿಯಾಗಿ ಬಂದವರು ಆ ತಮ್ಮನೇ.

ಬಾಯಾರು ಸಿಟ್ಟಿನ ಮನುಷ್ಯರು ಎಂಬ ಮಾತು ಜಿಲ್ಲೆಯಲ್ಲಿತ್ತು. ಖರೆ. ಆದರೆ ಆ ಸಿಟ್ಟಿಗೆ ಒಂದು ಲೆಕ್ಕಾಚಾರವಿತ್ತು. ಬಾದಾಮಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬರು ಪಡೆಯದ ಪದವಿಯನ್ನು ಹೆಸರಿನ ಮುಂದೆ ಸೇರಿಸಿ, ‘ನೋವೇ ಇಲ್ಲದ ಚಿಕಿತ್ಸೆ’ ಎಂದು ದೊಡ್ಡ ಬೋರ್ಡು ಹಾಕಿದ್ದರು. ದೂರು ಸಮಿತಿಗೆ ಬಂತು. ನೋಟೀಸು ಕಳಿಸಿದರೆ ಸಾಕಿತ್ತು. ಬಾಯಾರು ಬಸ್ಸು ಹತ್ತಿ ಹೋಗಿ ಬೋರ್ಡಿನ ಕೆಳಗೆ ನಿಂತು ಓದಿದರು. ಮುಂದಿನ ವಿಚಾರಣೆಗೆ ಬಂದ ಆ ಡಾಕ್ಟರು ‘ಬಣ್ಣ ಹೊಡಸೀನ್ರಿ’ ಎಂದರು. ಬಾಯಾರು ಮತ್ತೆ ಬಸ್ಸು ಹತ್ತಿದರು. ಬಣ್ಣ ಎಷ್ಟು ತೆಳ್ಳಗಿತ್ತೆಂದರೆ ಹಳೆಯ ಅಕ್ಷರ ಬಿಸಿಲಲ್ಲಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಅಲ್ಲೇ ದವಾಖಾನೆಯ ಒಳಗೆ ಹೋಗಿ, ರೋಗಿಗಳ ಸಾಲಿನಲ್ಲಿ ಕುಳಿತು, ತಮ್ಮ ಸರದಿ ಬಂದಾಗ ‘ಡಾಕ್ಟ್ರ, ಇನ್ನೊಂದು ಕೈ ಬಣ್ಣ ಬೇಕಾಗೇತಿ’ ಎಂದರಂತೆ. ಅಂದೇ ಸಂಜೆ ಬೋರ್ಡು ಇಳಿಯಿತು.

ಇನ್ನೊಂದು ಸಲ ಹುನಗುಂದದ ಹೊಸ ಡಾಕ್ಟರೊಬ್ಬರ ಮೇಲೆ ದೂರು ಬಂತು. ಬಾವು ಏರಿ ರೋಗಿಯ ಜೀವಕ್ಕೆ ಅಪಾಯವಾಗಿತ್ತು ಎಂಬ ದೂರು. ರೋಗಿಯ ಕಡೆಯವರು ಊರಿನಲ್ಲಿ ಬಲವುಳ್ಳವರು. ವಿಚಾರಣೆಗೆ ಎರಡು ಜೀಪಿನಲ್ಲಿ ಬಂದು ಕೆಳಗೆ ಗದ್ದಲ ಮಾಡಿದರು. ಬಾಯಾರು ಕಾಗದ ನೋಡಿದರು, ಔಷಧಿಯ ಚೀಟಿ ನೋಡಿದರು, ರೋಗಿಯನ್ನೇ ಮೆಲ್ಲಗೆ ಕೇಳಿದರು. ಆತ ಗುಳಿಗೆಗಳನ್ನು ಮೊದಲ ದಿನವೇ ಬಿಟ್ಟಿದ್ದ. ಡಾಕ್ಟರು ಎರಡು ಸಲ ಫೋನು ಮಾಡಿ ಕೇಳಿದ್ದು ಪುಸ್ತಕದಲ್ಲಿ ದಾಖಲಾಗಿತ್ತು. ‘ಈ ಡಾಕ್ಟ್ರದು ತಪ್ಪಿಲ್ಲ’ ಎಂದು ವರದಿ ಬರೆದು, ಅದನ್ನು ಕೆಳಗೆ ಇಳಿದುಹೋಗಿ ಜೀಪಿನವರಿಗೆ ತಾವೇ ಓದಿ ಹೇಳಿದರು. ತಪ್ಪು ಮಾಡಿದವರನ್ನು ಹಿಡಿಯಲು ಮಾತ್ರ ಸಮಿತಿ ಇರುವುದೆಂದು ನಾನು ತಿಳಿದಿದ್ದೆ. ತಪ್ಪು ಮಾಡದವರ ಬೆನ್ನಿಗೂ ಅದೇ ನಿಲ್ಲಬೇಕು ಎಂದು ಅವತ್ತು ಕಂಡೆ.

ಶಿಫಾರಸು ಹಿಡಿದು ಮನೆಗೆ ಬರುವವರೂ ಇದ್ದರು. ಬಾಯಾರ ದೂರದ ಸಂಬಂಧಿಕರೊಬ್ಬರು ಡಾಕ್ಟರಾದ ಮಗನ ಮೇಲಿನ ದೂರಿನ ಬಗ್ಗೆ ಮಾತಾಡಲು ಮಧ್ಯಾಹ್ನ ಬಂದಾಗ ನಾನೂ ಅಲ್ಲಿದ್ದೆ. ಬಾಯಾರು ತಾವೇ ರೊಟ್ಟಿ ಬಡಿಸಿದರು, ಎಣಗಾಯಿ ಪಲ್ಯ ಮತ್ತೆ ಮತ್ತೆ ಹಾಕಿದರು. ಬಂದವರು ‘ನಮ್ಮ ಹುಡುಗನ ವಿಷಯ...’ ಎಂದು ಬಾಯಿ ತೆಗೆದರೆ, ‘ಊಟಕ್ಕ ಬಂದೀರಿ, ಊಟ ಮಾಡ್ರಿ. ಆ ಮಾತಿಗೆ ಬುಧವಾರ ಹನ್ನೊಂದಕ್ಕ ಬರ್ರಿ. ಎದುರಿನವ್ರೂ ಬಂದಿರ್ತಾರ’ ಎಂದು ಮೊಸರು ಹಾಕಿದರು. ಅವರು ಹೊಟ್ಟೆ ತುಂಬ ಉಂಡು, ಮುಖ ಸಣ್ಣ ಮಾಡಿಕೊಂಡು ಎದ್ದರು.

ಕೆಲವು ವರ್ಷಗಳ ನಂತರ ಬಾದಾಮಿಯ ಹಿರಿಯ ವೈದ್ಯರು ವಯಸ್ಸಾಯಿತೆಂದು ಸಮಿತಿ ಬಿಟ್ಟರು. ಆ ಜಾಗಕ್ಕೆ ಬಾಯಾರು ನನ್ನ ಹೆಸರು ಸೂಚಿಸಿದರು. ಆಕ್ಷೇಪ ಬಂತು, ಬರಬೇಕಾದದ್ದೇ. ಶಿಕ್ಷೆಯಾದವನು ವಿಚಾರಣೆಗೆ ಕೂರುವುದು ಹೇಗೆ? ಬಾಯಾರು ಒಂದೇ ಮಾತು ಹೇಳಿದರಂತೆ: ‘ಎದುರಿನ ಕುರ್ಚಿಯೊಳಗ ಕುಂತು ಎದ್ದಾಂವ ಒಬ್ಬಾಂವರ ನಮ್ಮ ಕಡೆ ಬೇಕ್ರಿ. ಅಲ್ಲಿ ಕುಂತ್ರ ಹೆಂಗ ಆಗ್ತೈತಿ ಅನ್ನೋದು ನಮಗ ಯಾರಿಗೂ ಗೊತ್ತಿಲ್ಲ.’

ಪರಿಷತ್ತು ಒಪ್ಪಿತು, ನಾನು ಸಮಿತಿಗೆ ಬಂದೆ. ಆ ಮಾತು ಹೇಳಿದಾಗ, ತಾವೇ ಅಲ್ಲಿ ಕೂರುವ ದಿನ ಬರುತ್ತದೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಕೂಡಲಸಂಗಮದಲ್ಲಿ ವಿಭೂತಿ, ರುದ್ರಾಕ್ಷಿ ಮಾರುವ ಸಣ್ಣ ಅಂಗಡಿಯ ಅಕ್ಕ ಒಬ್ಬರು ಹಲ್ಲು ನೋವೆಂದು ಬಾಯಾರಲ್ಲಿಗೆ ಬಂದರು. ಎಷ್ಟೋ ವರ್ಷಗಳ ಹಿಂದೆ ಅದೇ ಹಲ್ಲಿಗೆ ಬಾಯಾರೇ ರೂಟ್ ಕೆನಾಲ್ ಮಾಡಿದ್ದರು. ಎಕ್ಸ್-ರೇ ತೆಗೆದರೆ ಬೇರಿನ ತುದಿಯಲ್ಲಿ ಸಣ್ಣದೊಂದು ಬಿಳಿ ಗೆರೆ. ಬೇರನ್ನು ಸ್ವಚ್ಛ ಮಾಡುವ ಸೂಜಿಯ ಮುರಿದ ತುದಿ. ಸೂಜಿ ಮುರಿಯುವುದು ಯಾರ ಕೈಯಲ್ಲೂ ಆಗಬಹುದಾದದ್ದು. ಆದರೆ ರೋಗಿಗೆ ಹೇಳಬೇಕು, ಬರೆದಿಡಬೇಕು. ಬಾಯಾರು ಹಳೆಯ ಕಪಾಟು ತೆಗೆದು ಕೇಸ್ ಪೇಪರ್ ಹುಡುಕಿದರು. ಅದರಲ್ಲಿ ಆ ವಿಷಯ ಇರಲಿಲ್ಲ.

ಅಲ್ಲೇ ಆ ಅಕ್ಕನಿಗೆ ಎಲ್ಲ ತೋರಿಸಿ ಹೇಳಿದರು. ‘ಅಯ್ಯ, ಬಿಡ್ರಿ ಬಾಯಾರ. ಇಷ್ಟು ವರ್ಷ ಸುಮ್ನಿತ್ತಲ್ಲ, ಈಗ ತಗೀರಿ’ ಎಂದು ಆಕೆ ನಕ್ಕರು. ಬಾಯಾರು ಬಿಡಲಿಲ್ಲ. ಆ ಹಲ್ಲಿಗೆ ಬೇಕಾದ ಚಿಕಿತ್ಸೆಗೆ ಬೇರೆ ತಜ್ಞರ ಹತ್ತಿರ ತಾವೇ ಕರೆದುಕೊಂಡು ಹೋದರು. ಮರುದಿನ ಪರಿಷತ್ತಿಗೆ ಕಾಗದ ಬರೆದರು: ‘ನನ್ನ ಮೇಲೆ ವಿಚಾರಣೆಯಾಗಲಿ, ಅದು ಮುಗಿಯುವತನಕ ನಾನು ಸಮಿತಿಯಲ್ಲಿ ಕೂರುವುದಿಲ್ಲ.’

ನಾನು ಓಡಿಹೋದೆ. ‘ಯಾರೂ ದೂರು ಕೊಟ್ಟಿಲ್ಲ. ಯಾಕ್ರಿ ಬಾಯಾರ ಇದೆಲ್ಲಾ?’

‘ಕೊಟ್ಟಿಲ್ಲ ಅಂದ್ರ ಆಗಿಲ್ಲ ಅಂತೇನು?’ ಎಂದರು. ಅವರು ಗಿಡಗಳಿಗೆ ನೀರು ಹಾಕುತ್ತಿದ್ದರು, ನನ್ನ ಕಡೆ ತಿರುಗಿ ನೋಡಲೂ ಇಲ್ಲ.

ಅವರ ಕೈಯಲ್ಲಿ ಕಲಿತವನು ಅವರ ವಿಚಾರಣೆಗೆ ಕೂರಬಾರದು ಎಂದು ನಾನು ಪರಿಷತ್ತಿಗೆ ಬರೆದೆ. ವಿಜಯಪುರದಿಂದ ಇಬ್ಬರು ವೈದ್ಯರನ್ನು ಕಳಿಸಿದರು. ನಮ್ಮ ವಕೀಲರು ಉಳಿದರು. ನನಗೆ ಹೇಳಿಕೆ ಬರೆದುಕೊಳ್ಳುವ ಕೆಲಸ ಮಾತ್ರ ಕೊಟ್ಟರು.

ಅದೇ ಕೋಣೆ. ಬಾಯಾರು ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಬಂದು ಹೊರಗೆ ಕಾದರು. ಕರೆದ ಮೇಲೆ ಒಳಗೆ ಬಂದು ಕೂತರು. ಯಾವತ್ತೂ ಮೂಗಿನ ತುದಿಯಲ್ಲಿರುತ್ತಿದ್ದ ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಕೂಡಲಸಂಗಮದ ಅಕ್ಕನೂ ಬಂದಿದ್ದರು. ‘ನನಗ ಬಾಯಾರ ಮ್ಯಾಲ ಯಾವ ತಕರಾರೂ ಇಲ್ರಿ’ ಎಂದು ಎರಡೆರಡು ಸಲ ಹೇಳಿದರು.

ವಕೀಲರು ಕೇಳಿದರು. ‘ಬಾಯಾರ, ಸೂಜಿ ಮುರದದ್ದು ನಿಮಗ ಆವತ್ತ ಗೊತ್ತಿತ್ತೇನ್ರಿ?’

ಇಲ್ಲ ಎಂದುಬಿಟ್ಟರೆ ಯಾರೂ ಅಲ್ಲಗಳೆಯುವಂತಿರಲಿಲ್ಲ. ಆ ಕಾಲದ ಎಕ್ಸ್-ರೇ ಉಳಿದಿರಲಿಲ್ಲ, ಸಾಕ್ಷಿ ಇರಲಿಲ್ಲ. ನಾನಂತೂ ಅವರಿಗೆ ಗೊತ್ತಾಗಿರಲಿಕ್ಕಿಲ್ಲ ಎಂದೇ ನಂಬಿದ್ದೆ. ಬಾಯಾರು ಕನ್ನಡಕವನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡರು.

‘ಗೊತ್ತಿತ್ತು’ ಎಂದರು.

ನನ್ನ ಪೆನ್ನು ನಿಂತಿತು.

‘ಆವತ್ತ ಗದ್ದಲ ಭಾಳ ಇತ್ತು. ಮುಂದಿನ ಸಲ ಬಂದಾಗ ಹೇಳಿದ್ರಾತು, ಆವಾಗ ಬರದ್ರಾತು ಅಂತ ಅನ್ಕೊಂಡೆ. ಈ ಅಕ್ಕ ಮುಂದ ಬರಲಿಲ್ಲ. ಬರಲಿಲ್ಲಲ್ಲ ಅಂತ...’ ಅವರು ಆ ಅಕ್ಕನನ್ನು ನೋಡಿದರು. ‘ಬರಲಿಲ್ಲಲ್ಲ ಅಂತ ನನಗ ಹಗುರ ಆತ್ರಿ. ಆಮ್ಯಾಲ ಮರತೆ. ಮರೀಬೇಕು ಅಂತನ ಮರತೆ.’

ಬಾಯಾರು ನನ್ನ ಕಡೆ ತಿರುಗಿದರು. ನನ್ನ ಮುಂದಿನ ಹಾಳೆ ಖಾಲಿ ಇತ್ತು.

‘ಬರೀ ತಮ್ಮಾ’ ಎಂದರು. ‘ಹೇಳಿದ್ದು ಹೇಳಿದಂಗ ಬರಿ.’

ಬರೆದೆ. ಓದಿ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಸಹಿ ಮಾಡಿದರು. ಆಗ ಕೂಡಲಸಂಗಮದ ಅಕ್ಕ ಎದ್ದು ಬಂದು, ಅಷ್ಟು ಜನರೆದುರು, ಬಾಯಾರ ಕೈ ಹಿಡಿದುಕೊಂಡು ನಿಂತರು. ಇಬ್ಬರ ಕಣ್ಣೂ ತುಂಬಿದ್ದವು.

ಪರಿಷತ್ತು ಲಿಖಿತ ಎಚ್ಚರಿಕೆ ಕೊಟ್ಟಿತು. ಬಾಯಾರು ಸಮಿತಿಗೆ ರಾಜೀನಾಮೆ ಬರೆದರು. ಅದನ್ನು ಪರಿಷತ್ತು ಒಪ್ಪಲಿಲ್ಲ. ‘ನನ್ನನ್ನ ಇಟ್ಕೋಬೇಕಂದ್ರ ಒಂದ ಮಾತು ನಡಸಿಕೊಡ್ರಿ’ ಎಂದು ಅವರು ಕೇಳಿದರು. ಜಿಲ್ಲೆಯ ಎಲ್ಲ ದಂತವೈದ್ಯರಿಗೂ ಸಮಿತಿಯಿಂದ ಒಂದು ಕಾಗದ ಹೋಗಬೇಕು. ಕೈ ತಪ್ಪಿದರೆ ಮೊದಲು ರೋಗಿಗೆ ಹೇಳಿ, ಕೇಸ್ ಪೇಪರಿನಲ್ಲಿ ಬರೆಯಿರಿ, ಏನು ಮಾಡಬೇಕು ತಿಳಿಯದಿದ್ದರೆ ಬುಧವಾರ ನಮ್ಮಲ್ಲಿಗೆ ಬನ್ನಿ. ದೂರು ಬರುವತನಕ ಕಾಯಬೇಡಿ. ಕಾಗದದ ಕೆಳಗೆ ಬಾಯಾರು ತಮ್ಮ ಪ್ರಕರಣವನ್ನೇ ನಾಲ್ಕು ಸಾಲಿನಲ್ಲಿ ಬರೆದು ಹೆಸರು ಹಾಕಿದರು. ಅಚ್ಚಿನಲ್ಲಿ ತಮ್ಮ ಹೆಸರನ್ನು ಅವರು ಒಪ್ಪಿಕೊಂಡದ್ದು ಅದೊಂದೇ ಸಲ.

‘ಯಾರು ಬರ್ತಾರ್ರೀ, ತಮ್ಮ ಕೊರಳಿಗೆ ತಾವ ಹಗ್ಗ ಹಾಕ್ಕೊಂಡು?’ ಎಂದು ವಕೀಲರು ನಕ್ಕರು. ಎಷ್ಟೋ ತಿಂಗಳು ಯಾರೂ ಬರಲಿಲ್ಲ. ಬುಧವಾರ ಹನ್ನೊಂದಕ್ಕೆ ಬಾಯಾರು ಬಂದು, ಕೆಲಸವಿಲ್ಲದಿದ್ದರೂ ಒಂದು ಗಂಟೆ ಕೂತು ಹೋಗುತ್ತಿದ್ದರು. ಆಮೇಲೆ ಒಂದು ದಿನ ಇಳಕಲ್ಲಿನ ಒಬ್ಬರು ಮೆಟ್ಟಿಲು ಹತ್ತಿ ಬಂದರು, ಬಾಗಿಲಲ್ಲಿ ನಿಂತು ‘ಒಳಗ ಬರ್ಲೇನ್ರಿ?’ ಎಂದರು. ಇನ್ನೊಂದು ಬುಧವಾರ ಹುನಗುಂದದಿಂದ ಒಬ್ಬರು. ಆಮೇಲೆ ಬಾದಾಮಿಯಲ್ಲಿ ಬೋರ್ಡು ಇಳಿಸಿಕೊಂಡಿದ್ದರಲ್ಲ, ಅವರೇ. ಬಾಯಾರು ಎಲ್ಲರಿಗೂ ಮೊದಲು ಕೇಳುತ್ತಿದ್ದದ್ದು ಒಂದೇ: ‘ಪೇಷೆಂಟಿಗೆ ಹೇಳೀರಿಲ್ಲೋ?’ ಹೇಳಿಲ್ಲ ಅಂದರೆ, ‘ಹೋಗಿ ಹೇಳಿ ಬರ್ರಿ. ನಾವಿಲ್ಲೇ ಇರ್ತೀವಿ.’

ಅವರ ಕೊನೆಯ ಬುಧವಾರ ಹೋದ ತಿಂಗಳು ಬಂತು. ವಯಸ್ಸಾಯಿತು, ಕಣ್ಣು ಮಂಜಾಗಿದೆ, ಇನ್ನು ಸಾಕು ಎಂದು ಅವರೇ ಹೇಳಿದ್ದರು. ಅವತ್ತು ಪಟ್ಟಿಯಲ್ಲಿ ಒಂದೇ ಪ್ರಕರಣ. ಬಾದಾಮಿಯ ಹೊಸ ಡಾಕ್ಟರ್, ಇನ್ನೂ ವರ್ಷ ತುಂಬದ ದವಾಖಾನೆಯ ಹುಡುಗಿ. ಹಲ್ಲು ಕೊರೆಯುವಾಗ ಯಂತ್ರದ ಚಕ್ರ ಜಾರಿ ರೋಗಿಯ ತುಟಿಯ ಒಳಗೆ ಗಾಯವಾಗಿತ್ತು, ಹೊಲಿಗೆ ಬಿದ್ದಿತ್ತು. ಆಕೆಯ ಪಕ್ಕದಲ್ಲಿ ಕುಳಿತಿದ್ದ ರೋಗಿ ಚೊಳಚಗುಡ್ಡದ ಹೆಣ್ಣುಮಗಳು, ಬನಶಂಕರಿ ಗುಡಿಯ ಮುಂದೆ ಬುಟ್ಟಿಯಲ್ಲಿ ರೊಟ್ಟಿ ಪಲ್ಯ ಮಾರುವವರು. ತುಟಿ ಇನ್ನೂ ಸ್ವಲ್ಪ ಬಾತಿತ್ತು. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದಿದ್ದರು. ಕೇಸ್ ಪೇಪರ್ ರೋಗಿಯ ಮಡಿಲಲ್ಲಿತ್ತು.

ಬಾಯಾರು ಫಾರ್ಮು ತೆಗೆದರು. ‘ದೂರು ಕೊಟ್ಟಾವ್ರು ಯಾರು? ನೀವೇನವ್ವಾ?’

ಚೊಳಚಗುಡ್ಡದ ಹೆಣ್ಣುಮಗಳು ಸೆರಗು ಸರಿಮಾಡಿಕೊಂಡರು. ಬಾತ ತುಟಿಯಿಂದ ಮಾತು ಮೆಲ್ಲಗೆ ಬಂತು.

‘ದೂರು ಯಾರ್ದೂ ಇಲ್ರಿ ಬಾಯಾರ. ಈ ಡಾಕ್ಟರ್ ತಂಗಿ ಒಬ್ಬಾಕಿನ ಬರಾಕ ಅಂಜಿದ್ಲು. ಅದಕ್ಕ ನಾನೂ ಕೂಡ ಬಂದೆ.’

ಬಾಯಾರು ಖಾಲಿ ಫಾರ್ಮನ್ನು ಮಡಚಿಟ್ಟರು. ಎದ್ದು ಹೋಗಿ ನಮ್ಮೆಲ್ಲರಿಗೂ ಬೆನ್ನು ಮಾಡಿ ಕಿಟಕಿಯ ಮುಂದೆ ಒಂದು ಗಳಿಗೆ ನಿಂತರು. ಕೆಳಗೆ ರಸ್ತೆಯಲ್ಲಿ ಬಸ್ಸು ಹೋದ ಸಪ್ಪಳ ಕೇಳಿಸಿತು. ಆಮೇಲೆ ಬಂದು, ಕುರ್ಚಿಯನ್ನು ಆ ಇಬ್ಬರ ಹತ್ತಿರಕ್ಕೆ ಎಳೆದುಕೊಂಡು ಕೂತರು.

‘ಹೇಳವ್ವಾ’ ಎಂದರು ಆ ಹುಡುಗಿಗೆ. ‘ಏನಾತು?’